ಪಾಲಖಿ ಹಾಯುವ ಊರು

ಕಾರ್ಖಾನೆಯ ಕೆಲಸವನ್ನು ನೆಚ್ಚಿ ಧಾರವಾಡದಿಂದ ಹೊರಟು ಪುಣೆಯ ಬಳಿಯ ನಿಗಡಿಗೆ ಬಂದಿಳಿದಂದು ನನಗೆ ಈ ಊರು ಊರಾಗಿಯೇ ತೋರಲಿಲ್ಲ. 1954ರಲ್ಲಿ ನೆರೆಯ ಪಿಂಪರಿಯಲ್ಲಿ ಪೆನಿಸಿಲಿನ್ ತಯಾರಿಕೆಗೆಂದು ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಸ್ಥಾಪಿತವಾಗಿ, ಅದರ ಬೆನ್ನಿಗೆ ವಾಹನ ಕಾರ್ಖಾನೆಗಳು ಬಂದು, 1972ರಲ್ಲಿ ನವನಗರ ಪ್ರಾಧಿಕರಣವು ರಚಿತವಾಗಿ, ಹೊಲಗಳೆಲ್ಲ ಸಂಖ್ಯೆ ಹೊತ್ತ ಸೆಕ್ಟರುಗಳಾಗಿ ಮಾರ್ಪಟ್ಟ ಇಲ್ಲಿ, ಎಲ್ಲೆಲ್ಲಿಂದಲೋ ಬಂದವರೇ ನೆರೆಹೊರೆಯವರಾಗಿದ್ದರೂ, ಪರಕೀಯತೆಯೆಂಬುದು ನನ್ನೊಬ್ಬನ ಪಾಲಿನ ಕಷ್ಟವೆಂದೇ ನಾನು ಭಾವಿಸಿದ್ದೆನು.

ಭಾನುವಾರಗಳಂದು ಕನ್ನಡಿಗರ ಮನೆಗಳಲ್ಲಿ ಕೂಡುತ್ತಿದ್ದೆವು. ರೊಟ್ಟಿ, ಎಣಗಾಯಿ, ಬೇಂದ್ರೆಯವರ ಕವಿತೆ, ಕಡೆಗೆ ಮಳೆಬೆಳೆಯ ಮಾತು, ಇವೆಲ್ಲ ಹಿತವಾಗಿದ್ದುವಾದರೂ, ಕುಳಿತದ್ದು ನಿಗಡಿಯಲ್ಲಿ, ಇದ್ದದ್ದು ಧಾರವಾಡದಲ್ಲಿ.

ಒಂದು ಜ್ಯೇಷ್ಠ ಬಹುಳದ ಬೆಳಗ್ಗೆ ಪಕ್ಕದ ಮನೆಯ ಆಜಿ ಬಾಗಿಲು ತಟ್ಟಿ, “ಚಲಾ, ತುಮ್ಚ್ಯಾ ವಿಠೋಬಾಚೀ ಮಾಣಸಂ ಆಲೀ” ಎಂದರು. ನಿಮ್ಮ ವಿಠೋಬನ ಜನ ಬಂದರು, ಏಳಿ ಎಂದು. ತುಕಾರಾಮರ ಪುತ್ರ ನಾರಾಯಣ ಮಹಾರಾಜರು 1685ರಲ್ಲಿ ಆರಂಭಿಸಿದ ಪಾಲಖಿಯು ದೇಹುವಿನಿಂದ ಹೊರಟು, ನಿಗಡಿಯನ್ನು ಹಾದು, ಆಕುರ್ಡಿಯಲ್ಲಿ ತಂಗಿ ಪಂಢರಪುರಕ್ಕೆ ಸಾಗುವುದೆಂದು ಬಲ್ಲೆನಾದರೂ, ಆ ‘ನಿಮ್ಮ’ ಎಂಬ ಮಾತು ನನ್ನನ್ನು ಬೆರಗುಗೊಳಿಸಿತು. ಜ್ಞಾನದೇವರು ಅಭಂಗವೊಂದರಲ್ಲಿ ವಿಠ್ಠಲನನ್ನು ‘ಕಾನಡಾ’ ಎಂದೂ ಕರ್ನಾಟಕದವನೆಂದೂ ಕರೆದಿರುವರಷ್ಟೆ. ಕಾನಡಾ ಎಂದರೆ ತಿಳಿಯಲಾಗದವನೆಂದು ಅರ್ಥ ಹೇಳುವ ಪಂಡಿತರೂ ಉಂಟು. ನನ್ನ ಮರಾಠಿಯನ್ನು ಕೇಳಿದ ಆಜಿಗೆ ಎರಡರ್ಥವೂ ಸಮ್ಮತವಾಗಿದ್ದಿರಬಹುದು. ತಾಳದ ಸದ್ದು, ಹೆಂಗಸರ ತಲೆಯ ಮೇಲಣ ತುಲಸಿಯ ಕಟ್ಟೆ, ಧೂಳು, ಬೆವರು, ಇವುಗಳ ನಡುವೆ ಪುರಂದರವಿಠಲ, ವಿಜಯವಿಠಲ, ಜಗನ್ನಾಥವಿಠಲರೆಂಬ ನಮ್ಮ ದಾಸರ ಅಂಕಿತಗಳೆಲ್ಲ ಯಾವ ಊರ ದೇವರನ್ನು ಕುರಿತು ಹೊರಟಿದ್ದುವೆಂಬುದು ಅಂದು ಕಣ್ಣಿಗೆ ಕಂಡಿತು. ಗದಗಿನ ಸೀಮೆಯಿಂದ ಬಂದು ಪುಣೆಯಲ್ಲಿ ನೆಲೆಸಿ, 1953ರಲ್ಲಿ ಗುರು ಸವಾಯಿ ಗಂಧರ್ವರ ಸ್ಮರಣೆಯ ಸಂಗೀತೋತ್ಸವಕ್ಕೆ ಮೊದಲಿಟ್ಟ ಭೀಮಸೇನ ಜೋಶಿಯವರು ಅಭಂಗವನ್ನೂ ದಾಸರ ಪದವನ್ನೂ ಒಂದೇ ಕಂಠದಲ್ಲಿ ಹಾಡಿದುದು ಬರಿಯ ಕಲಾಕೌಶಲವೆಂದು ತಿಳಿದಿದ್ದ ನನ್ನ ಅಲ್ಪಮತಿಗೆ ನಾಚಿಕೆಯಾಯಿತು.

ಈಗ ಪ್ರತಿವರ್ಷವೂ ಪಾಲಖಿ ಹಾಯುವ ದಿನ ನಮ್ಮ ಭಾನುವಾರದ ಮಂಡಲಿಯು ಆಜಿಯ ಮನೆಯವರೊಡನೆ ರಸ್ತೆಯ ಬದಿಯಲ್ಲಿ ನಿಂತು ವಾರಕರಿಗಳಿಗೆ ಅವಲಕ್ಕಿ ಹಂಚುತ್ತದೆ. ಕಳೆದ ಸಲ ಮುದುಕರೊಬ್ಬರು “ಗಾವ್ ಕುಠಲಂ?” ಎಂದು ಊರು ಕೇಳಿದರು. “ನಿಗಡಿ” ಎಂದೆ. ನನ್ನ ಉಚ್ಚಾರದ ಗುಟ್ಟನ್ನು ಹಿಡಿದ ಅವರು, ಜತ್ತದ ಕಡೆಯವರೋ ಏನೋ, ನಗುತ್ತ ತಟ್ಟೆಯನ್ನು ಮುಂದೆ ಚಾಚಿ, “ಆತ್ರೀ ನಿಗಡಿಯವ್ರ, ಇನ್ನೊಂದೀಟು ಶೇಂಗಾ ಹಾಕ್ರಿ” ಎಂದರು.