ತೀವ್ರಗಾಮಿ ಯಾರು?

ಶಾಲೆಯ ಇತಿಹಾಸ ಪಾಠದಲ್ಲಿ ನಾವೆಲ್ಲರೂ ಎರಡು ಪದಗಳನ್ನು ಬಾಯಿಪಾಠ ಮಾಡಿದವರೇ: ಮಂದಗಾಮಿಗಳು ಮತ್ತು ತೀವ್ರಗಾಮಿಗಳು. 1907ರಲ್ಲಿ ಸೂರತ್ ಅಧಿವೇಶನದಲ್ಲಿ ಕಾಂಗ್ರೆಸ್ ಒಡೆದಾಗ ಗೋಖಲೆಯವರು ಮೊದಲನೆಯ ಪಂಗಡ, ತಿಲಕರು ಎರಡನೆಯದು ಎಂದು ಬರೆದರೆ ಅಂಕ ಸಿಗುತ್ತಿತ್ತು. ಆದರೆ ಇದೇ ತಿಲಕರು 1891ರಲ್ಲಿ ಹೆಣ್ಣುಮಕ್ಕಳ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಮಸೂದೆಯನ್ನು ವಿರೋಧಿಸಿದ್ದರು. ಬ್ರಿಟಿಷ್ ಸರ್ಕಾರಕ್ಕೆ ಬೆಂಕಿಯಂತೆ ಕಂಡವರು ಅಗರಕರರಂಥ ಸುಧಾರಕರ ಕಣ್ಣಿಗೆ ಹಳೆಯದಕ್ಕೆ ಅಂಟಿಕೊಂಡವರಾಗಿದ್ದರು. ವ್ಯಕ್ತಿ ಒಬ್ಬರೇ, ನೋಡುವವರು ನಿಂತ ಜಾಗ ಬೇರೆ.

ಈ ಹಳೆಯ ಮಾತು ಈಗೇಕೆ ಎಂದರೆ, ನಾವು ಅನ್ನ ಹುಡುಕಿಕೊಂಡು ಬಂದು ನೆಲೆಸಿದ ಈ ಮಹಾರಾಷ್ಟ್ರದಲ್ಲಿ 'ಜಹಾಲ್', 'ಕಟ್ಟಾ', 'ಮವಾಳ್' ಎಂಬ ಹಣೆಪಟ್ಟಿಗಳು ಒಂದು ಹಣೆಯಿಂದ ಇನ್ನೊಂದಕ್ಕೆ ಹಾರುವ ವೇಗವನ್ನು ನೋಡಿದರೆ ಯಾರಿಗಾದರೂ ಅಚ್ಚರಿಯಾಗಬೇಕು. ಔರಂಗಾಬಾದಿನ ಹೆಸರನ್ನೇ ತೆಗೆದುಕೊಳ್ಳಿ. 1988ರಲ್ಲಿ ಬಾಳ ಠಾಕ್ರೆಯವರು ಅದನ್ನು ಸಂಭಾಜಿನಗರವೆಂದು ಸಾರಿದಾಗ ಎದುರು ಪಕ್ಷಗಳವರ ಪಾಲಿಗೆ ಅದು ಕೋಮುವಾದದ ಅತಿರೇಕ. 1995ರಲ್ಲಿ ಶಿವಸೇನೆ-ಭಾಜಪ ಸರ್ಕಾರ ಹೆಸರು ಬದಲಿಸಹೊರಟಿತು. ವಿಷಯ ನ್ಯಾಯಾಲಯ ಹತ್ತಿತು. 2001ರಲ್ಲಿ ಕಾಂಗ್ರೆಸ್ ನೇತೃತ್ವದ ಸರ್ಕಾರ ಅದನ್ನು ಕೈಬಿಟ್ಟಿತು. ಮುಂದೆ 2022ರ ಜೂನ್ 29ರಂದು, ತಾವು ರಾಜೀನಾಮೆಯಿತ್ತ ದಿನವೇ, ಉದ್ಧವ ಠಾಕ್ರೆಯವರ ಸಂಪುಟ ಆ ಹೆಸರಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಕಾಂಗ್ರೆಸ್ಸೂ ರಾಷ್ಟ್ರವಾದಿ ಕಾಂಗ್ರೆಸ್ಸೂ ಪಾಲುದಾರರು! ಮುಂದಿನ ತಿಂಗಳು ಶಿಂದೆ ಸರ್ಕಾರ 'ಛತ್ರಪತಿ' ಎಂಬುದನ್ನು ಸೇರಿಸಿತು. 2023ರ ಫೆಬ್ರವರಿಯಲ್ಲಿ ಕೇಂದ್ರದ ಮುದ್ರೆಯೂ ಬಿತ್ತು. ಊರು ಅದೇ, ಹೆಸರು ಅದೇ, ಅಲ್ಲಿನ ಅನೇಕ ಮುಸಲ್ಮಾನರ ನೋವೂ ಅದೇ. 1988ರಲ್ಲಿ ಅತಿರೇಕವಾಗಿದ್ದುದು 2022ರಲ್ಲಿ ಆಡಳಿತದ ಸಾಮಾನ್ಯ ನಿರ್ಣಯವಾದದ್ದು ಹೇಗೆ? ಇತ್ತ ದಶಕಗಳ ಕಾಲ ಅದೇ ಮನೆತನದ ಜೊತೆ ಪಂಕ್ತಿಯಲ್ಲಿ ಕುಳಿತು ಉಂಡವರು, ಆತ ಎದ್ದುಹೋದ ಮರುದಿನದಿಂದ ಹಿಂದುತ್ವ ಬಿಟ್ಟವನೆಂದು ಜರೆದರು. ಎರಡು ಕಡೆಯವರೂ ತೂಗಿದ್ದು ಆತನ ಕೃತಿಯನ್ನಲ್ಲ, ಸಹವಾಸವನ್ನು.

ನಾಸಿಕದ ಕಾಳಾರಾಮ ಮಂದಿರದಲ್ಲಿಯೂ ಇದೇ ಕಥೆ. 2024ರ ಜನವರಿ 12ರಂದು ಪ್ರಧಾನಿ ಮೋದಿಯವರು ಅಲ್ಲಿಗೆ ಬಂದರು. ಹತ್ತು ದಿನಗಳ ತರುವಾಯ, ಅಯೋಧ್ಯೆಯ ಪ್ರತಿಷ್ಠೆಯ ದಿನ, ಉದ್ಧವರು ಬಂದರು. ಒಂದು ಭಕ್ತಿ, ಇನ್ನೊಂದು ರಾಜಕೀಯ. ಯಾವುದು ಯಾವುದು ಎಂಬುದು ಹೇಳುವವನ ಪಕ್ಷವನ್ನು ಅವಲಂಬಿಸಿತ್ತು. ಆ ಬಾಗಿಲಿಗೆ ಇನ್ನೂ ದೊಡ್ಡ ನೆನಪೊಂದಿದೆ. 1930ರ ಮಾರ್ಚಿನಲ್ಲಿ ಅಂಬೇಡ್ಕರರ ನೇತೃತ್ವದಲ್ಲಿ ದಲಿತರು ಒಳಗೆ ಹೋಗಲು ಸತ್ಯಾಗ್ರಹ ಹೂಡಿದಾಗ, ಬಾಗಿಲು ಮುಚ್ಚಿದವರು ತಮ್ಮನ್ನು ಮಧ್ಯಮ ಮಾರ್ಗದ ಸಭ್ಯರೆಂದೇ ತಿಳಿದಿದ್ದಿರಬೇಕು.

ದೆಹಲಿಯ ಮಾತೂ ಬೇರೆಯಲ್ಲ. 1990ರ ರಥಯಾತ್ರೆಯ ಕಾಲಕ್ಕೆ ವಾಜಪೇಯಿಯವರು ಸೌಮ್ಯ, ಅಡ್ವಾಣಿಯವರು ಉಗ್ರ. ಮೋದಿಯವರು ಬಂದ ಮೇಲೆ ಅಡ್ವಾಣಿಯವರೂ ಎಷ್ಟೋ ವಿರೋಧಿಗಳ ಕಣ್ಣಿಗೆ ಸೌಮ್ಯರಾದರು. ಅಧಿಕಾರ ಕೈತಪ್ಪಿದ ನಾಯಕನಲ್ಲಿ ಸದ್ಗುಣ ಕಾಣುವುದು ಸುಲಭ.

ಹಾಗಾದರೆ ಉಗ್ರರೆಂಬುವರು ಯಾರೂ ಇಲ್ಲವೇ, ಎಲ್ಲವೂ ನೋಟದ ಆಟವೇ ಎಂದು ಯಾರಾದರೂ ಕೇಳಬಹುದು. ನಾನು ಹಾಗೆ ಹೇಳಲಾರೆ. 1987ರ ವಿಲೆಪಾರ್ಲೆ ಉಪಚುನಾವಣೆಯಲ್ಲಿ ಶಿವಸೇನೆಯ ಬೆಂಬಲದಿಂದ ಗೆದ್ದ ಡಾ. ರಮೇಶ ಪ್ರಭು ಅವರ ಆಯ್ಕೆ, ಬಾಳ ಠಾಕ್ರೆಯವರ ಪ್ರಚಾರ ಭಾಷಣಗಳ ಕಾರಣದಿಂದ ರದ್ದಾಯಿತು. 1995ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮುಂದೆ ಠಾಕ್ರೆಯವರೇ ಆರು ವರ್ಷದ ಮಟ್ಟಿಗೆ ಮತದಾನದ ಹಕ್ಕನ್ನು ಕಳೆದುಕೊಂಡರು. ಸ್ವಾರಸ್ಯವೆಂದರೆ, ಅದೇ ದಿನ ಅದೇ ನ್ಯಾಯಪೀಠದ ಮುಂದೆ ಮನೋಹರ ಜೋಶಿಯವರ ಮೊಕದ್ದಮೆಯೂ ತೀರ್ಮಾನವಾಯಿತು. ಮಹಾರಾಷ್ಟ್ರದಲ್ಲಿ ಮೊದಲ ಹಿಂದೂ ರಾಜ್ಯ ಸ್ಥಾಪನೆಯಾಗುವುದೆಂದು 1990ರ ಚುನಾವಣಾ ಸಭೆಯಲ್ಲಿ ಅವರು ಆಡಿದ ಮಾತು ಎಷ್ಟೇ ಹೀನವಾಗಿ ಕಂಡರೂ, ಅದು ಧರ್ಮದ ಹೆಸರಿನಲ್ಲಿ ಮತ ಕೇಳಿದಂತಲ್ಲವೆಂದು ಅವರ ಆಯ್ಕೆಯನ್ನು ಪೀಠ ಉಳಿಸಿತು. ತೀರ್ಪನ್ನು ಒಪ್ಪದವರು ಬಹಳ ಮಂದಿ. ನನಗೂ ಎರಡನೆಯದರಲ್ಲಿ ತೃಪ್ತಿಯಿಲ್ಲ. ಆದರೂ ನ್ಯಾಯಾಧೀಶರು ಒಂದೇ ಪಕ್ಷದವರೆಂದು ಇಬ್ಬರನ್ನೂ ಒಂದೇ ಗಂಟಿನಲ್ಲಿ ಕಟ್ಟಲಿಲ್ಲ. ಯಾರು, ಯಾವ ಮಾತನ್ನು, ಯಾವಾಗ, ಏತಕ್ಕಾಗಿ ಆಡಿದರು ಎಂದು ಬಿಡಿಬಿಡಿಯಾಗಿ ಕೇಳಿದರು. ಚಹಾ ಕುಡಿಯುತ್ತ ಹಣೆಪಟ್ಟಿ ಹಚ್ಚುವ ನಮಗೆ ಅಷ್ಟು ತಾಳ್ಮೆ ಎಲ್ಲಿಯದು?

ಹೊರನಾಡ ಕನ್ನಡಿಗರಾದ ನಮಗೆ ಈ ಪ್ರಶ್ನೆ ಬರೀ ಪುಸ್ತಕದ್ದಲ್ಲ. 1966ರಲ್ಲಿ ಹುಟ್ಟಿದ ಶಿವಸೇನೆ ಮೊದಲು ಕಣ್ಣಿಟ್ಟದ್ದು ದಕ್ಷಿಣದವರ ಮೇಲೆ; ಮುಂಬಯಿಯ ಉಡುಪಿ ಹೋಟೆಲುಗಳ ಗಾಜು ಒಡೆದ ಕಾಲವನ್ನು ನಮ್ಮ ಹಿರಿಯರು ಮರೆತಿಲ್ಲ. ಎಂಬತ್ತರ ದಶಕದಲ್ಲಿ ಅದೇ ಪಕ್ಷ ಭಾಷೆಯಿಂದ ಧರ್ಮದತ್ತ ಹೊರಳಿದ ಮೇಲೆ ನಮ್ಮವರಲ್ಲಿಯೇ ಕೆಲವರಿಗೆ ಅದು ತಮ್ಮ ಪಕ್ಷವಾಯಿತು. ಏಕೆಂದರೆ ಈಗ ಕಲ್ಲು ಬೀಳುವುದು ಬೇರೆಯವರ ಅಂಗಳದಲ್ಲಿ.

ಗಡಿಯ ವಿಷಯ ಬಂದಾಗಲಂತೂ ನಮ್ಮ ತಕ್ಕಡಿ ಪೂರ್ತಿ ಓರೆ. 2022ರ ಡಿಸೆಂಬರ್ 6ರಂದು ಬೆಳಗಾವಿ ಬಳಿಯ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು; ಅದೇ ದಿನ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ನಮ್ಮ ಎಷ್ಟೋ ಮನೆಗಳಲ್ಲಿ ಮೊದಲನೆಯವರು ಅಭಿಮಾನಿಗಳು, ಎರಡನೆಯವರು ಗೂಂಡಾಗಳು. ಪಕ್ಕದ ಮರಾಠಿ ಮನೆಯಲ್ಲಿ ಇದೇ ಪದಗಳು, ಅದಲುಬದಲಾಗಿ. ಲಾರಿ ನಡೆಸುತ್ತಿದ್ದವನಿಗೂ ಬಸ್ಸಿನಲ್ಲಿ ಕುಳಿತಿದ್ದವರಿಗೂ ಆ ದಿನ ಈ ಎರಡು ಪದಗಳ ನಡುವೆ ಯಾವ ವ್ಯತ್ಯಾಸವೂ ಕಂಡಿರಲಾರದು.