ಎಮ್ಮೆಗೆ ಬಿದ್ದ ಬರೆ

‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ’ ಎಂಬ ಗಾದೆಯಲ್ಲಿ ನಾವು ಬರೆ ಎಳೆದವನ ದಡ್ಡತನವನ್ನಷ್ಟೇ ಕಾಣುತ್ತೇವೆ. ಎಮ್ಮೆಯ ಕಡೆಯಿಂದ ನೋಡುವುದು ಕಡಿಮೆ. ಅಮೆರಿಕ ಅಣುಬಾಂಬು ಹಾಕಿದ 1945ರ ಆಗಸ್ಟ್ 6ರ ಹಿರೋಷಿಮಾವನ್ನು ಆ ಕಡೆಯಿಂದಲೇ ನೋಡಬೇಕು. ಯುದ್ಧದ ಜ್ವರ ಏರಿದ್ದು ಟೋಕಿಯೋದ ದಂಡನಾಯಕರಿಗೆ. ಅಂದು ಬೆಳಗ್ಗೆ 8.15ಕ್ಕೆ ಹಿರೋಷಿಮಾದ ಬಯಲಲ್ಲಿ ನಿಂತಿದ್ದವರು, ಬೆಂಕಿ ಹರಡದಂತೆ ಮನೆಗಳನ್ನು ಕೆಡವಿ ಜಾಗ ಬಿಡಿಸಲು ಸರ್ಕಾರ ಕಳಿಸಿದ್ದ 12–13 ವರ್ಷದ ಶಾಲಾ ಮಕ್ಕಳು. ಅವರಲ್ಲಿ ಸುಮಾರು 6,000 ಮಂದಿ ಸತ್ತರು. ಅಂಥ ಒಬ್ಬ ಹುಡುಗನ ಊಟದ ಡಬ್ಬಿ ಅಲ್ಲಿನ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿದೆ. ತಾಯಿ ಕಟ್ಟಿಕೊಟ್ಟ ಬುತ್ತಿ ಡಬ್ಬಿಯೊಳಗೇ ಇದ್ದಿಲಾಗಿದೆ. ಕೊರಿಯನ್ನರ ಪಾಡಂತೂ ಗಾದೆಯನ್ನೂ ಮೀರಿದ್ದು. 1910ರಿಂದ ಜಪಾನಿನ ಆಳ್ವಿಕೆಯಲ್ಲಿ ನರಳಿ, ಹೊಟ್ಟೆಪಾಡಿಗೆ ಬಂದವರು, ಬಲವಂತದ ದುಡಿಮೆಗೆ ಎಳೆತರಲ್ಪಟ್ಟವರು ಸಾವಿರಗಟ್ಟಲೆ ಅದೇ ಊರಲ್ಲಿದ್ದರು. ಜಪಾನಿನ ಅಪರಾಧವನ್ನು ಉಂಡವರೇ ಜಪಾನಿಗೆ ವಿಧಿಸಿದ ಶಿಕ್ಷೆಯನ್ನೂ ಉಣ್ಣಬೇಕಾಯಿತು. ವರ್ಷ ಮುಗಿಯುವಷ್ಟರಲ್ಲಿ ಆ ಊರಲ್ಲಿ ಒಟ್ಟು ಸತ್ತವರು ಸುಮಾರು 1,40,000. ಬದುಕುಳಿದವರಲ್ಲಿ ರಕ್ತದ ಕ್ಯಾನ್ಸರ್ ತಲೆಯೆತ್ತಿದ್ದು ವರ್ಷಗಳ ಮೇಲೆ.

ಬಾಂಬು ಹಾಕದಿದ್ದರೆ ನವೆಂಬರಿನಲ್ಲಿ ಜಪಾನಿನ ಮೇಲೆ ದಂಡೆತ್ತಿ ಹೋಗಬೇಕಿತ್ತು, ಒಕಿನಾವಾ ಕದನದಲ್ಲಿ ಹರಿದದ್ದಕ್ಕಿಂತ ಹೆಚ್ಚು ರಕ್ತ ಹರಿಯುತ್ತಿತ್ತು ಎನ್ನುವವರಿದ್ದಾರೆ. ಹಗುರವಾಗಿ ತಳ್ಳಿಹಾಕುವ ಮಾತಲ್ಲ ಅದು. ನಾನ್ಕಿಂಗ್‌ನಿಂದ ಮನಿಲಾದವರೆಗೆ ಜಪಾನಿ ಸೇನೆ ನಡೆಸಿದ ಕಗ್ಗೊಲೆಗಳನ್ನು ಮರೆತು ಈ ವಿಷಯ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ಲೆಕ್ಕ, ಬೇರೆ ದಾರಿ ಇರಲಿಲ್ಲ ಎಂದು ಮೊದಲೇ ಒಪ್ಪಿಕೊಂಡು ಹೊರಡುತ್ತದೆ. ಜನರಿಲ್ಲದ ಕಡೆ ಬಾಂಬನ್ನು ಸಿಡಿಸಿ ತೋರಿಸಿ ಎಂದು ಜೇಮ್ಸ್ ಫ್ರಾಂಕ್ ನೇತೃತ್ವದ ವಿಜ್ಞಾನಿಗಳು ಜೂನ್‌ನಲ್ಲೇ ಕೇಳಿದ್ದರು, ಅದು ಒಪ್ಪಿಗೆಯಾಗಲಿಲ್ಲ. ಸೋವಿಯತ್ ಒಕ್ಕೂಟ ಯುದ್ಧ ಸಾರಿದ್ದು ಆಗಸ್ಟ್ 8ರಂದು. ಅದರ ಪೆಟ್ಟನ್ನು ಟೋಕಿಯೋ ಅಳೆದು ನೋಡುವ ಮೊದಲೇ, ಮರುದಿನ, ಕೊಕುರಾ ಊರಿನ ಮೇಲೆ ನೆಲ ಕಾಣಲಿಲ್ಲವೆಂದು ಎರಡನೇ ಬಾಂಬು ಹೊತ್ತ ವಿಮಾನ ನಾಗಾಸಾಕಿಯತ್ತ ತಿರುಗಿತು. ಒಂದು ಊರು ಉಳಿದು ಇನ್ನೊಂದು ಊರು ಸಾಯಲು ಇಷ್ಟೇ ಕಾರಣ ಸಾಕಾಯಿತು.

ಹಿರೋಷಿಮಾ ಸೇನಾ ಕೇಂದ್ರವಾಗಿತ್ತಲ್ಲ ಎಂಬುದು ಇನ್ನೊಂದು ವಾದ. ಸೇನಾ ಕಚೇರಿಗಳಿದ್ದದ್ದು ನಿಜ. ಆದರೆ ಗುರಿ ಹಿಡಿದದ್ದು ಐಓಯಿ ಸೇತುವೆಗೆ, ಊರಿನ ನಟ್ಟನಡುವಿಗೆ. ಅಲ್ಲಿ ಸತ್ತ ಜನಸಾಮಾನ್ಯರು ಗುರಿ ತಪ್ಪಿ ಸತ್ತವರಲ್ಲ. ಆಗಸ್ಟ್ 9ರ ರೇಡಿಯೋ ಭಾಷಣದಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಹಿರೋಷಿಮಾವನ್ನು ಸೇನಾ ನೆಲೆ ಎಂದೇ ಕರೆದರು. ಆದರೆ ಮರುದಿನ, ತಮ್ಮ ಅಪ್ಪಣೆಯಿಲ್ಲದೆ ಮತ್ತೊಂದು ಬಾಂಬು ಹಾಕಕೂಡದೆಂದರು. ಇನ್ನೂ ಒಂದು ಲಕ್ಷ ಜನರನ್ನು, ಅಷ್ಟೊಂದು ಮಕ್ಕಳನ್ನು ಕೊಲ್ಲುವ ಯೋಚನೆಯೇ ತಮಗೆ ಸಹಿಸಲಾಗದು ಎಂದು ಅವರು ಸಂಪುಟದ ಮುಂದೆ ಹೇಳಿದ್ದನ್ನು ಸಚಿವ ಹೆನ್ರಿ ವಾಲೆಸ್ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ.