ಸಲಹೆಗಾರಳ ಮನೆಯ ಅಕ್ಕಿ ಡಬ್ಬ

ನಿಮ್ಮ ಮಗಳು ಹನ್ನೆರಡು ವರ್ಷ ಒಂದು ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿ ದುಡಿದಿದ್ದಾಳೆ ಎಂದಿಟ್ಟುಕೊಳ್ಳಿ. ಒಂದು ರಾತ್ರಿ ಊಟಕ್ಕೆ ಕುಳಿತಾಗ, "ಅಪ್ಪಾ, ಕೆಲಸ ಬಿಡ್ತೀನಿ. ಇನ್ನು ಸ್ವಂತವಾಗಿ ಕನ್ಸಲ್ಟೆನ್ಸಿ ಮಾಡ್ತೀನಿ" ಎನ್ನುತ್ತಾಳೆ. "ತಿಂಗಳಿಗೆ ಎಷ್ಟು ಬರುತ್ತಮ್ಮಾ?" ಎಂಬುದೇ ನಿಮ್ಮ ಮೊದಲ ಮಾತು. ಅದರಲ್ಲಿ ತಪ್ಪಿಲ್ಲ. ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆಯಿದೆ: ಅವಳು ಮಾರಹೊರಟಿರುವುದು ಏನನ್ನು?

ಬಡಗಿ ಕುರ್ಚಿ ಮಾಡಿಕೊಟ್ಟರೆ ಕುಳಿತು ನೋಡಬಹುದು. ತಾಂತ್ರಿಕ ಸಲಹೆಗಾರರು ಕೊಡುವುದು ಮಾತು, ಹೆಚ್ಚೆಂದರೆ ಇಪ್ಪತ್ತು ಪುಟದ ವರದಿ. ಅದು ಸರಿಯೋ ತಪ್ಪೋ ಎಂದು ತಿಳಿಯುವಷ್ಟು ಜ್ಞಾನ ಕೇಳಿದವರಿಗೆ ಇದ್ದಿದ್ದರೆ ಅವರು ಹಣ ಕೊಟ್ಟು ಕೇಳುತ್ತಲೇ ಇರಲಿಲ್ಲ. ಆದ್ದರಿಂದ ಈ ಕಸುಬಿನಲ್ಲಿ ಸುಳ್ಳು ಹೇಳುವುದು ಸುಲಭ, ಸಿಕ್ಕಿಬೀಳುವುದು ಅಪರೂಪ.

ನಿಮ್ಮ ಮಗಳು ಇಂಧನ ದಕ್ಷತಾ ಬ್ಯೂರೋದ ಪರೀಕ್ಷೆ ಪಾಸು ಮಾಡಿ, ಕಾರ್ಖಾನೆಗಳ ಇಂಧನ ಪರಿಶೋಧನೆ ಮಾಡುವವಳು ಎನ್ನೋಣ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ನಂತರ ಇದೊಂದು ಪ್ರತ್ಯೇಕ ವೃತ್ತಿಯಾಗಿ ಬೆಳೆದಿದೆ. ಪೀಣ್ಯದ ಸಣ್ಣ ಕಾರ್ಖಾನೆಯ ಮಾಲೀಕರೊಬ್ಬರು, "ಮೇಡಂ, ಯಂತ್ರಗಳಿಗೆ ಗಾಳಿ ಸಾಲದು. ಹೊಸ ಕಂಪ್ರೆಸರ್ ಬೇಕು ಎಂದು ಬರೆದುಕೊಡಿ" ಎನ್ನುತ್ತಾರೆ. ಕಂಪ್ರೆಸರ್ ಮಾರುವವರೂ ಫೋನು ಮಾಡಿ, "ನಿಮ್ಮದನ್ನು ನಾವು ನೋಡಿಕೊಳ್ಳುತ್ತೇವೆ" ಎನ್ನುತ್ತಾರೆ.

ಅವಳು ಭಾನುವಾರ ಹೋಗುತ್ತಾಳೆ. ಎಲ್ಲ ಯಂತ್ರಗಳೂ ನಿಂತಿವೆ. ಹಳೆಯ ಕಂಪ್ರೆಸರನ್ನು ಮಾತ್ರ ಚಾಲೂ ಮಾಡಿ, ಗಡಿಯಾರ ಹಿಡಿದು ಕುಳಿತುಕೊಳ್ಳುತ್ತಾಳೆ. ಗಾಳಿ ಬಳಸುವವರು ಯಾರೂ ಇಲ್ಲದಿದ್ದರೂ ಅದು ಮತ್ತೆ ಮತ್ತೆ ಗಾಳಿ ತುಂಬುತ್ತಿದ್ದರೆ, ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ನಿರ್ವಹಣೆ ಸರಿಯಿಲ್ಲದ ಕಡೆ ಶೇಕಡಾ 20ರಿಂದ 30ರಷ್ಟು ಗಾಳಿ ಹೀಗೆ ಸೋರಿಹೋಗುವುದುಂಟು. ಸಾಬೂನಿನ ನೀರು ಹಚ್ಚಿ ಗುಳ್ಳೆ ಬರುವ ಜಾಗ ಹುಡುಕಿ, ಸವೆದ ಪೈಪು, ಕ್ಲಾಂಪು ಬದಲಿಸಿದರೆ ಹಳೆಯ ಯಂತ್ರವೇ ಸಾಕು. ಹಾಗೆಂದು ಬರೆದರೆ ಕಮಿಷನ್ ಇಲ್ಲ. ಬ್ಯಾಂಕಿನಲ್ಲಿ ಸಾಲ ಮಾತಾಡಿಬಂದ ಮಾಲೀಕರಿಗೂ ಬೇಸರ. ಮುಂದಿನ ಸಲ ಅವರು ಬೇರೆಯವರನ್ನು ಕರೆಯಬಹುದು.

ನಿಜವನ್ನೇ ಬರೆಯಬೇಕು ಎಂದು ನಾವೆಲ್ಲ ಥಟ್ಟನೆ ಹೇಳುತ್ತೇವೆ. ಆದರೆ ಜೂನ್ ತಿಂಗಳು, ಮಕ್ಕಳ ಶಾಲೆಯ ಶುಲ್ಕ, ಮನೆ ಸಾಲದ ಕಂತು ಎಲ್ಲ ಒಟ್ಟಿಗೆ ಬಂದಾಗ? ಪ್ರಾಮಾಣಿಕತೆಗೆ ಗಟ್ಟಿ ಮನಸ್ಸೊಂದಿದ್ದರೆ ಸಾಕು ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಅಕ್ಕಿ ಡಬ್ಬವೂ ತುಂಬಿರಬೇಕು. ಕನಿಷ್ಠ ಆರು ತಿಂಗಳ, ಸಾಧ್ಯವಾದರೆ ವರ್ಷದ ಖರ್ಚನ್ನು ಮೊದಲೇ ಕೂಡಿಟ್ಟು ಈ ದಾರಿಗಿಳಿದವರು "ಆಗುವುದಿಲ್ಲ" ಎನ್ನಬಲ್ಲರು. ಹೊಸ ಕಾರನ್ನು ಎರಡು ವರ್ಷ ಮುಂದೂಡಿದ ಅಳಿಯನಿಗೂ ಆ ವರದಿಯ ಸತ್ಯದಲ್ಲಿ ಪಾಲಿದೆ. ಹೀಗಾಗಿ ಇದು ಅವಳೊಬ್ಬಳ ನಿರ್ಧಾರವಲ್ಲ, ಮನೆಯ ನಿರ್ಧಾರ.

ಶುಲ್ಕದ ಬಗ್ಗೆ ಒಂದು ಮಾತು. ಸಂಕೋಚದಿಂದ ಕಡಿಮೆ ಕೇಳುವುದನ್ನು ನಮ್ಮಲ್ಲಿ ವಿನಯ ಎಂದುಕೊಳ್ಳುತ್ತಾರೆ. ಕಡಿಮೆ ಪಡೆದವರಿಗೇ ಕಮಿಷನ್ನಿನ ಆಸೆ ಬೇಗ ಹತ್ತುತ್ತದೆ. ಏನು ಮಾಡುತ್ತೇನೆ, ಏನು ಮಾಡುವುದಿಲ್ಲ, ಎಷ್ಟು ಹಣ, ಯಾವಾಗ ಎಂದು ಕಾಗದದಲ್ಲಿ ಬರೆದು, ಒಂದು ಭಾಗ ಮುಂಗಡ ಪಡೆಯುವುದು ದುರಾಸೆಯಲ್ಲ. ಅರ್ಧ ಆದಾಯ ಒಬ್ಬರಿಂದಲೇ ಬರುವಂತಾದರೆ ಅವರೇ ಹೊಸ ಯಜಮಾನರು, ಸಂಬಳದ ಭದ್ರತೆಯೊಂದು ಇಲ್ಲ ಅಷ್ಟೆ.

ಹೆಸರು ಬಂದ ಮೇಲೆ ಕಷ್ಟ ಬೇರೆ ಬಗೆಯದು. ಸಹಾಯಕರು ಬರುತ್ತಾರೆ, ಅವರು ಮಾಡಿದ್ದಕ್ಕೆ ಸಹಿ ಇವಳದು. ನ್ಯೂಯಾರ್ಕಿನಲ್ಲಿ 1977ರಲ್ಲಿ ಮುಗಿದ 59 ಮಹಡಿಗಳ ಸಿಟಿಕಾರ್ಪ್ ಸೆಂಟರ್‌ಗೆ ವಿಲಿಯಂ ಲೆಮೆಷರರ್ ಎಂಬ ಪ್ರಸಿದ್ಧ ಎಂಜಿನಿಯರ್ ಸಲಹೆಗಾರರಾಗಿದ್ದರು. ನಿವೇಶನದ ಮೂಲೆಯಲ್ಲಿ ಒಂದು ಲುಥೆರನ್ ಚರ್ಚು ಇದ್ದುದರಿಂದ, ಕಂಬಗಳನ್ನು ಮೂಲೆಗಳ ಬದಲು ಪಕ್ಕಗಳ ನಡುವೆ ನಿಲ್ಲಿಸಿದ್ದರು. ವಿದ್ಯಾರ್ಥಿಗಳ ಪ್ರಶ್ನೆಯಿಂದಾಗಿ 1978ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಅವರಿಗೆ ದಿಗಿಲಾಯಿತು. ಬೆಸುಗೆ ಹಾಕಬೇಕಿದ್ದ ಉಕ್ಕಿನ ಕೀಲುಗಳಿಗೆ ಬೋಲ್ಟು ಸಾಕೆಂದು ಅವರ ಕಚೇರಿಯೇ, ಅವರ ಗಮನಕ್ಕೆ ಬಾರದಂತೆ, ಒಪ್ಪಿಬಿಟ್ಟಿತ್ತು. ಓರೆಯಾಗಿ ಬೀಸುವ ಬಿರುಗಾಳಿಗೆ ಕಟ್ಟಡ ಬೀಳಬಹುದೆಂದು ಅವರ ಲೆಕ್ಕ ಹೇಳಿತು. ಬಾಯಿ ಮುಚ್ಚಿಕೊಂಡಿರಬಹುದಿತ್ತು. ಅವರು ತಾವಾಗಿಯೇ ಹೋಗಿ ಮಾಲೀಕರಿಗೆ ಹೇಳಿದರು. ರಾತ್ರಿ ಹೊತ್ತು ಕೀಲುಗಳಿಗೆ ಉಕ್ಕಿನ ಫಲಕ ಬೆಸೆದು ಸರಿಪಡಿಸಿದರು.

ಇಷ್ಟಕ್ಕೇ ನಿಲ್ಲಿಸಿ ಅವರನ್ನು ಹೊಗಳುವುದು ವಾಡಿಕೆ. ಆದರೆ ಜನರಿಗೆ ಈ ವಿಷಯ ತಿಳಿದದ್ದು 1995ರಲ್ಲಿ, ಒಂದು ಪತ್ರಿಕೆಯ ಲೇಖನದಿಂದ. ಬೆಸುಗೆ ನಡೆದ ಆ ತಿಂಗಳುಗಳಲ್ಲಿ ದಿನವೂ ಲಿಫ್ಟು ಹತ್ತಿ ಕೆಲಸಕ್ಕೆ ಬಂದವರಿಗೆ ಯಾರೂ ಹೇಳಲಿಲ್ಲ. ಹಣ ಕೊಟ್ಟವರಿಗೆ ನಿಜ ಹೇಳಿದರೆ ಸಲಹೆಗಾರರ ಕರ್ತವ್ಯ ಮುಗಿಯಿತೇ?

ಪೀಣ್ಯದ ಆ ಕಾರ್ಖಾನೆಗೆ ಮರಳೋಣ. ಸೋರಿಕೆ ಹುಡುಕುವಾಗ ನಿಮ್ಮ ಮಗಳು ಇನ್ನೊಂದನ್ನೂ ನೋಡಿದ್ದಾಳೆ. ಗಾಳಿ ಟ್ಯಾಂಕಿನ ಸೇಫ್ಟಿ ವಾಲ್ವು ಏಳದಂತೆ ಯಾರೋ ತಂತಿ ಸುತ್ತಿ ಬಿಗಿದಿದ್ದಾರೆ. ಪಕ್ಕದಲ್ಲೇ ಮೂವರು ಹುಡುಗರು ಕೆಲಸ ಮಾಡುವ ಜಾಗ. "ತಂತಿ ತೆಗೆಸುತ್ತೇನೆ ಮೇಡಂ, ವರದಿಯಲ್ಲಿ ಅದೊಂದು ಬೇಡ" ಎಂದಿದ್ದಾರೆ ಮಾಲೀಕರು. ಆ ರಾತ್ರಿ ಊಟಕ್ಕೆ ಕುಳಿತಾಗ ಅವಳು ನಿಮ್ಮ ಮುಖ ನೋಡಿ, "ಏನು ಮಾಡ್ಲಿ ಅಪ್ಪಾ?" ಎಂದು ಕೇಳುತ್ತಾಳೆ.